ಸಂಪಯ್ಯ ಮಂತ್ರಿ ಕೊಟ್ಟ ಆಟ

ಕಥೆ ಕೇಳುವ ಮುಂಚೆ ಅದನ್ನು ಹೇಳುವವರು ಯಾರು, ಯಾವ ಮನೆಯವರು ಎಂದು ತಿಳಿದಿರಬೇಕು. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ಮನೆತನ ಈ ಬೀದಿಗೆ ಬಂದು ನನ್ನ ತನಕ ಐದು ತಲೆಮಾರು ಆಯಿತು. ಐದು ತಲೆಮಾರಿನಲ್ಲಿ ಒಬ್ಬರೂ ಕೋರ್ಟಿನ ಮೆಟ್ಟಿಲು ಹತ್ತಿಲ್ಲ. ಒಬ್ಬರೂ ಕೊಟ್ಟ ಮಾತು ತಪ್ಪಿಲ್ಲ. ಒಬ್ಬರೂ ಊಟದ ಎಲೆಯ ಮುಂದೆ ದನಿ ಎತ್ತಿಲ್ಲ. ಪ್ಲೇಗು ಬಂದು ಬೀದಿಗೆ ಬೀದಿಯೇ ಖಾಲಿಯಾದಾಗ ಅಕ್ಕಪಕ್ಕದ ಹದಿನೇಳು ಮನೆಗಳ ಬೀಗದ ಕೈ ನಮ್ಮ ಪಡಸಾಲೆಯ ಗೂಟದಲ್ಲಿ ನೇತಾಡುತ್ತಿದ್ದವು. ಹದಿನೇಳೂ ಅವರವರ ಕೈ ಸೇರಿದವು. ಹೆಣ್ಣುಮಕ್ಕಳಿಗೆ ಓದು ಯಾಕೆ ಎಂದು ಊರು ಕೇಳುತ್ತಿದ್ದ ಕಾಲದಲ್ಲಿ ನನ್ನನ್ನು ಕಾನ್ವೆಂಟಿಗೆ ಕಳಿಸಿದ ಮನೆ ಇದು. ಅಲ್ಲಿ ಸಿಸ್ಟರ್‌ಗಳು ಬೆನ್ನು ನೇರ ಇಟ್ಟು ಕೂರುವುದನ್ನು ಕಲಿಸಿದರು. ಹಿಡಿದ ಕೆಲಸ ಅರ್ಧಕ್ಕೆ ಬಿಡದಿರುವುದನ್ನು ಕಲಿಸಿದರು. ತಪ್ಪಾದರೆ ಎದ್ದು ನಿಂತು ಒಪ್ಪಿಕೊಳ್ಳುವುದನ್ನು ಕಲಿಸಿದರು.

ಇಷ್ಟು ಸಾಕು. ಈಗ ಇವತ್ತಿನ ಮಾತು.

ಇವತ್ತು ಮಗುವಿನ ನಾಮಕರಣ ಚೆನ್ನಾಗಿ ಆಯಿತು. ಊಟವೂ ಆಯಿತು. ಊಟಕ್ಕೆ ಮುಂಚೆ ನನ್ನ ಮೊಮ್ಮಗಳು ಸಿಂಚನಾ ಇದೇ ಪಡಸಾಲೆಯಲ್ಲಿ ಅವಳ ಅಣ್ಣನ ಜೊತೆ ಚದುರಂಗ ಆಡಿದಳು, ಸೋತಳು. ಮಂತ್ರಿಯನ್ನು ಎದುರಾಳಿಯ ಬಾಯಿಗೆ ಇಟ್ಟು ಸೋತಳು. ಆಗ ನಮ್ಮ ಬೀಗರು, ಸಿಂಚನಾಳ ತಾಯಿಯ ತಂದೆ ಗುರುಮಲ್ಲಪ್ಪನವರು, ಎಲ್ಲರಿಗೂ ಕೇಳುವ ಹಾಗೆ ಒಂದು ಗಾದೆ ಆಡಿದರು. "ಸಂಪಯ್ಯ ಮಂತ್ರಿ ಕೊಟ್ಟ ಹಾಗೆ ಕೊಟ್ಟೆಯಲ್ಲಮ್ಮ" ಎಂದರು. ಎಲ್ಲರೂ ನಕ್ಕರು. ಹುಡುಗಿ ಕಾಯಿಗಳನ್ನು ಡಬ್ಬಿಗೆ ಸುರಿದು, ಇನ್ನು ಮೇಲೆ ಇದನ್ನು ಮುಟ್ಟುವುದಿಲ್ಲ ಎಂದು ಹೇಳಿ ಕೋಣೆ ಸೇರಿದಳು. ಪಾಯಸವನ್ನೂ ಮುಟ್ಟಲಿಲ್ಲ.

ಎಲೆಯ ಮುಂದೆ ನಾನು ಏನೂ ಹೇಳಲಿಲ್ಲ. ಈಗ ಎಲೆ ತೆಗೆದಾಯಿತು. ಎಲೆ ಅಡಿಕೆಯೂ ಬಂದಿದೆ. ಸಿಂಚನಾ, ಬಾ, ಡಬ್ಬಿ ತಂದು ನನ್ನ ಪಕ್ಕ ಕೂತುಕೋ. ಗೋಡೆಗೆ ಒರಗಬೇಡ. ಕಥೆಗೆ ಹೂಂ ಅನ್ನುವವರು ಬೇಕು. ಇವತ್ತು ಹೂಂ ನಿನ್ನದು. ಮನಸ್ಸಿಲ್ಲದಿದ್ದರೆ ಈಗಲೇ ಬೇಡ, ಮನಸ್ಸು ಬಂದಾಗ ಅನ್ನು.

ಕೇಳಿ.

ಒಂದಾನೊಂದು ನಾಡು. ಆ ನಾಡಿನಲ್ಲಿ ಒಂದು ಊರು. ಊರಿನ ಹೆಸರು ನನಗೆ ಗೊತ್ತು, ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರಿಗೆ ಇವತ್ತಿಗೂ ನಾಚಿಕೆ.

ಬೇರೆ ಊರಿಗೆ ಹೊಳೆ ಇರುತ್ತದೆ, ಕೋಟೆ ಇರುತ್ತದೆ, ಸಂತೆ ಇರುತ್ತದೆ. ಆ ಊರಿಗೆ ಏನಿತ್ತು? ಚದುರಂಗವಿತ್ತು. ಊರ ನಡುವೆ ಕಲ್ಲು ಕಂಬದ ಒಂದು ಚಾವಡಿ, ಚಾವಡಿಯ ನಡುವೆ ನೆಲಕ್ಕೇ ಕೊರೆದ ಅರವತ್ತನಾಲ್ಕು ಮನೆಯ ಮಣೆ. ಒಂದೊಂದು ಕಾಯಿ ಒಂದೊಂದು ಗೇಣು ಎತ್ತರ. ಮಣೆಯ ಮೂಡಣಕ್ಕೆ ಒಂದು ಚಾಪೆ, ಪಡುವಣಕ್ಕೆ ಒಂದು ಚಾಪೆ. ಮೂಡಣದ ಚಾಪೆ ಅಂದರೆ ಸಾಮಾನ್ಯವಲ್ಲ. ಅದರ ಮೇಲೆ ಕೂತವನನ್ನು ಕೇಳದೆ ಊರಿನಲ್ಲಿ ಮದುವೆ ಮಾತು ಎತ್ತುತ್ತಿರಲಿಲ್ಲ, ನ್ಯಾಯ ತೀರಿಸುತ್ತಿರಲಿಲ್ಲ, ಬಾವಿಗೆ ಜಾಗ ಗುರುತು ಮಾಡುತ್ತಿರಲಿಲ್ಲ. ಆಟದಲ್ಲಿ ಮುಂದಿನದು ಕಾಣುವವನಿಗೆ ಬಾಳಿನಲ್ಲೂ ಮುಂದಿನದು ಕಾಣುತ್ತದೆ ಎಂದು ಅವರ ನಂಬಿಕೆ.

ಆ ಚಾವಡಿಗೆ ಮೂರು ಕಟ್ಟಳೆ ಇತ್ತು. ಮೂರನ್ನೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು, ಆಟ ನಡೆಯುವಾಗ ನೋಡುವವರು ಮಾತಾಡಬಾರದು, ನಗಬಾರದು, ನಿಟ್ಟುಸಿರು ಕೂಡ ಬಿಡಬಾರದು. ಎರಡು, ಸೋತವನು ತನ್ನ ರಾಜನನ್ನು ತನ್ನ ಕೈಯಿಂದಲೇ ಮಲಗಿಸಬೇಕು. ಮೂರು, ಸೋತವನು ಮನೆಗೆ ಹೋಗಿ ಆಟವನ್ನು ಮತ್ತೆ ಮತ್ತೆ ಹಾಕಿ ನೋಡಿ, ತಿರುಗಿ ಬಂದು, ಎಲ್ಲರ ಎದುರು ತನ್ನ ಕೈ ತಪ್ಪಿದ ಮನೆ ಯಾವುದೆಂದು ಬೆರಳಿಟ್ಟು ತೋರಿಸಬೇಕು. ತೋರಿಸುವ ತನಕ ಅವನಾಗಲಿ ಅವನ ಮನೆಯವರಾಗಲಿ ಆ ಚಾವಡಿಯಲ್ಲಿ ಕಾಯಿ ಮುಟ್ಟುವ ಹಾಗಿಲ್ಲ.

ಎಂಥ ಒಳ್ಳೆಯ ಕಟ್ಟಳೆ ನೋಡಿ. ಸೋಲುವುದು ತಪ್ಪಲ್ಲ. ಯಾಕೆ ಸೋತೆ ಎಂದು ನೋಡದಿರುವುದು ತಪ್ಪು.

ಮನೆಗೆ ಹೋಗಿ ಇಡೀ ಆಟವನ್ನು ನೆನಪಿಟ್ಟುಕೊಂಡು ಹಾಕುವುದು ಹೇಗೆ? ಅದಕ್ಕೆ ಆ ಊರಿನ ಹೆಂಗಸರು ಒಂದು ದಾರಿ ಕಂಡುಕೊಂಡಿದ್ದರು. ಹೆಂಗಸರು ಜಾಲಂದ್ರದ ಹಿಂದೆ ಕೂರುತ್ತಿದ್ದರು, ಮಣೆ ಸರಿಯಾಗಿ ಕಾಣುತ್ತಿರಲಿಲ್ಲ. ಒಬ್ಬ ಕೂಗುವವನು ಒಂದೊಂದು ನಡೆಯನ್ನೂ ಗಟ್ಟಿಯಾಗಿ ಕೂಗುತ್ತಿದ್ದ. ಕೂಗಿದ್ದನ್ನು ಕೇಳಿಕೊಂಡು ಹೆಂಗಸರು ಅಲ್ಲೇ ಪದ ಕಟ್ಟುತ್ತಿದ್ದರು, ಒಂದು ನಡೆಗೆ ಒಂದು ಸಾಲು. ಮಾರನೆಯ ಬೆಳಗ್ಗೆ ಬೀಸುವ ಕಲ್ಲಿನ ಮುಂದೆ ಹೆಂಡತಿ ಪದ ಹಾಡುವುದು, ಗಂಡ ನೆಲದ ಮೇಲೆ ಗೆರೆ ಎಳೆದು ಹುಣಿಸೆ ಬೀಜ ಇಟ್ಟು ತಪ್ಪು ಹುಡುಕುವುದು. ಹಿಟ್ಟೂ ಆಯಿತು, ಬುದ್ಧಿಯೂ ಬಂತು.

ಮೂಡಣದ ಚಾಪೆಯ ಮೇಲೆ ಏಳು ತಲೆಮಾರಿನಿಂದ ಒಂದೇ ಮನೆಯವರು ಕೂತಿದ್ದರು. ಆ ಕಾಲಕ್ಕೆ ಕೂತಿದ್ದವನು ಸಂಪಯ್ಯ. ಹೌದು, ಅದೇ ಸಂಪಯ್ಯ. ಅವನ ಹೆಂಡತಿ ಸಾತಮ್ಮ. ಅವನ ಎದುರಾಳಿ ಗುರಿಕಾರ ಮಾದಪ್ಪ. ಸಣ್ಣವನಿದ್ದಾಗಿನಿಂದ ಜೊತೆಯವನು, ಕೂಡಿ ಗೋಲಿ ಆಡಿದವನು.

ವರ್ಷಕ್ಕೊಂದು ಸಲ, ಯುಗಾದಿಯ ಮಾರನೆಯ ದಿನ, ದೊಡ್ಡ ಆಟ. ಅವತ್ತು ಸಂಪಯ್ಯ ಚೆನ್ನಾಗಿಯೇ ಆಡುತ್ತಿದ್ದ. ಚೆನ್ನಾಗಿ ಆಡುತ್ತಿದ್ದೇನೆ ಎಂದು ಅವನಿಗೂ ಗೊತ್ತಿತ್ತು. ಕಷ್ಟ ಬಂದದ್ದು ಅಲ್ಲೇ. ಬಾಯಲ್ಲಿ ತಾಂಬೂಲ, ಕಣ್ಣು ಜನರ ಮೇಲೆ, ಮಣೆಯ ಮೇಲೆ ಬರೀ ಕೈ. ಒಂಟೆಯನ್ನು ಎತ್ತಬೇಕಾದ ಕೈ ಮಂತ್ರಿಯನ್ನು ಮುಟ್ಟಿತು. ಮುಟ್ಟಿದ ಕಾಯಿ ನಡೆಯಲೇಬೇಕು. ನಡೆಸಿದ. ಎಲ್ಲಿಗೆ? ಗುರಿಕಾರನ ಆನೆಯ ಬಾಯಿಗೆ. ಆನೆ ಬಂತು, ಮಂತ್ರಿಯನ್ನು ತಿಂದಿತು.

ಗುಂಪಿನಲ್ಲಿ ಯಾರೋ ಒಬ್ಬ ನಕ್ಕ. ಕಟ್ಟಳೆ ಮುರಿದು ನಕ್ಕ. ಒಬ್ಬ ನಕ್ಕದ್ದಕ್ಕೆ ಹತ್ತು ಜನ, ಹತ್ತು ಜನ ನಕ್ಕದ್ದಕ್ಕೆ ಊರೇ. ಕಂಬಗಳೂ ನಕ್ಕ ಹಾಗೆ ಕೇಳಿಸಿತಂತೆ. ಸಂಪಯ್ಯನ ಮುಖ ಕೆಂಪೇರಿತು. ಮಣೆಯ ಕಡೆ ತಿರುಗಿ ನೋಡಲಿಲ್ಲ. ರಾಜನನ್ನು ಕೈಯಿಂದ ಮಲಗಿಸಿದ, ಎದ್ದ, ನಡೆದ.

ಗುರಿಕಾರ ಮಾದಪ್ಪ ಮೂಡಣದ ಚಾಪೆಗೆ ಬಂದು ಕೂತ. ಅವತ್ತು ಅವನು ಒಂದು ಮಾತೂ ಆಡಲಿಲ್ಲವಂತೆ. ಗೆದ್ದವನ ಗಾಂಭೀರ್ಯ ಎಂದು ಎಲ್ಲರೂ ಹೊಗಳಿದರು.

ಮಾರನೆಯ ಬೆಳಗ್ಗೆ ಸಾತಮ್ಮ ಬೀಸುವ ಕಲ್ಲಿನ ಮುಂದೆ ಕೂತು ಪದ ಎತ್ತಿದಳು. ಸಂಪಯ್ಯ ಒಳಗಿನಿಂದ ಹೇಳಿ ಕಳಿಸಿದ: ಹಾಡುವುದಾದರೆ ಹಾಡಿಕೊಳ್ಳಲಿ, ಆದರೆ ಆ ಆಟವನ್ನು ಈ ಮನೆಯ ನೆಲದ ಮೇಲೆ ಯಾರೂ ಹಾಕಕೂಡದು. ಹಾಗೆಯೇ ಆಯಿತು. ತಪ್ಪಿದ ಮನೆ ತೋರಿಸಲು ಅವನು ಹೋಗಲೇ ಇಲ್ಲ. ಅವನ ಮಗನೂ ಹೋಗಲಿಲ್ಲ. ಒಂದು ವರ್ಷ, ಹತ್ತು ವರ್ಷ, ಮೂವತ್ತು ವರ್ಷ.

ಮನುಷ್ಯ ಮನೆಯೊಳಗೆ ಕೂತ, ಅವನ ಹೆಸರು ಬೀದಿಗೆ ಬಿತ್ತು. ಮೊಸರಿನವಳ ಮಡಕೆ ಜಾರಿದರೆ, "ಸಂಪಯ್ಯ ಮಂತ್ರಿ ಕೊಟ್ಟ ಹಾಗೆ." ಹುಡುಗನ ಕೈಯಿಂದ ಗಾಳಿಪಟ ತಪ್ಪಿಸಿಕೊಂಡರೆ, "ಸಂಪಯ್ಯ ಮಂತ್ರಿ ಕೊಟ್ಟ ಹಾಗೆ." ಮದುಮಗ ಹಾರ ಬೀಳಿಸಿದರೆ ಅಲ್ಲಿಯೂ ಅದೇ. ಏಳು ತಲೆಮಾರಿನ ಮರ್ಯಾದೆ ನಾಲ್ಕು ಮಾತಿನ ಗಾದೆಯಾಗಿ ಹೋಯಿತು. ಸಂಪಯ್ಯ ಕಿಟಕಿಯ ಪಕ್ಕ ಕೂತು ದಿನವೂ ಅದನ್ನು ಕೇಳಿಸಿಕೊಳ್ಳುತ್ತಿದ್ದ. ಕಿಟಕಿ ಮುಚ್ಚಬಹುದಿತ್ತಲ್ಲ? ಮುಚ್ಚಲಿಲ್ಲ. ಅದು ಅವನು ತನಗೆ ತಾನೇ ಕೊಟ್ಟುಕೊಂಡ ಶಿಕ್ಷೆ.

ಆ ಸಂಪಯ್ಯನಿಗೆ ಒಬ್ಬಳು ಮೊಮ್ಮಗಳು. ಹೆಸರು ಹೊನ್ನಾಜಿ.

ಹೊನ್ನಾಜಿಗೆ ಹತ್ತು ವರ್ಷವಿದ್ದಾಗ ಬಾವಿಕಟ್ಟೆಯಲ್ಲಿ ಅವಳ ಬಿಂದಿಗೆ ಉರುಳಿತು. ನೀರು ಸೇದುತ್ತಿದ್ದವಳೊಬ್ಬಳು ಆ ಗಾದೆ ಆಡಿದಳು. ಇನ್ನೊಬ್ಬಳು, "ಇವಳದೇ ತಾತ ಕಣೇ, ಸುಮ್ಮನಿರು" ಎಂದು ಮೊಣಕೈಯಿಂದ ತಿವಿದಳು. ಗಾದೆಯಲ್ಲಿರುವ ಸಂಪಯ್ಯ ಕಿಟಕಿ ಪಕ್ಕದ ತನ್ನ ತಾತ ಎಂದು ಹುಡುಗಿಗೆ ಗೊತ್ತಾದದ್ದು ಆಗ. ಬರಿ ಬಿಂದಿಗೆ ಹೊತ್ತು ಮನೆಗೆ ಬಂದಳು. ಅಜ್ಜಿಯ ಮುಂದೆ ನಿಂತಳು. ಚಾವಡಿಗೆ ಹೋಗಿ ತಪ್ಪಿದ ಮನೆ ತಾನು ತೋರಿಸುತ್ತೇನೆ, ಆಮೇಲೆ ಯಾರೂ ನಗುವುದಿಲ್ಲ ಎಂದಳು.

ಸಾತಮ್ಮ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. "ತೋರಿಸುವುದು ಆಮೇಲೆ ಮಗಳೇ. ಮೊದಲು ನೋಡುವುದು ಕಲಿ."

ಅವತ್ತಿನಿಂದ ಹಿತ್ತಲಿನಲ್ಲಿ ಪಾಠ. ನೆಲದ ಮೇಲೆ ಸುಣ್ಣದ ಗೆರೆ. ಹುಣಿಸೆ ಬೀಜ ಕಾಲಾಳು, ಅಡಿಕೆ ಆನೆ, ಹೊಂಗೆ ಕಾಯಿ ಕುದುರೆ. ಅಜ್ಜಿ ಆಡುವುದು, ಮೊಮ್ಮಗಳು ಸೋಲುವುದು. ಸೋತ ಮೇಲೆ ಅದೇ ಆಟವನ್ನು ಮೂರು ಸಲ ಹಾಕುವುದು. ಒಂದು ಸಲ ತನ್ನ ಜಾಗದಲ್ಲಿ ಕೂತು, ಒಂದು ಸಲ ಎದುರಿನವರ ಜಾಗದಲ್ಲಿ ಕೂತು, ಒಂದು ಸಲ ಎದ್ದು ನಿಂತು, ಗೋಡೆಯ ಮೇಲಿನ ಹಲ್ಲಿಯ ಹಾಗೆ. ಹಲ್ಲಿಗೆ ನೀನೂ ಬೇಡ ನಾನೂ ಬೇಡ. ಅದು ಇದ್ದದ್ದನ್ನು ಇದ್ದ ಹಾಗೆ ನೋಡುತ್ತದೆ.

ಮೊದಲ ಸೋಲಿಗೆ ಹೊನ್ನಾಜಿ ಕಾರಣ ಕೊಟ್ಟಳು. ಕಣ್ಣಿಗೆ ಬಿಸಿಲು ಹೊಡೆಯಿತು, ನೊಣ ಕೂತಿತು ಎಂದಳು.

"ನಿನ್ನ ಕುದುರೆ ತಿಂದದ್ದು ನೊಣವಾ?" ಎಂದಳು ಸಾತಮ್ಮ.

ಹುಡುಗಿ ಬೀಜಗಳನ್ನು ಮತ್ತೆ ಜೋಡಿಸಿದಳು. ಮೂರು ಸಲ ಹಾಕಿದಳು. ಕಂಡಿತು. ಕಣ್ಣು ನೋಡುವ ಮುಂಚೆ ಕೈ ಓಡಿತ್ತು. ಕೈಗೆ ಕಣ್ಣಿಲ್ಲ, ಕಣ್ಣಿಗೆ ಅವಸರವಿಲ್ಲ. ಅವತ್ತಿನಿಂದ ಅಜ್ಜಿಯ ಅಪ್ಪಣೆ: ಎರಡು ಕೈಯೂ ತೊಡೆಯ ಕೆಳಗೆ. ಅವನು ಏನು ಮುಟ್ಟಬಲ್ಲ, ನನ್ನದು ಯಾವುದಕ್ಕೆ ಕಾವಲಿಲ್ಲ, ಅವನು ಬಿಟ್ಟು ಬಂದದ್ದು ಏನು ಎಂದು ಕಣ್ಣು ಮಣೆಯನ್ನು ಮೂರು ಸುತ್ತು ಬರಬೇಕು. ಆಮೇಲೆ ಕೈ ಹೊರಗೆ.

ಎರಡನೆಯ ಸೋಲು. ಈ ಸಲ ಕೈ ಓಡಿರಲಿಲ್ಲ. ಆದರೂ ಸೋತಳು. ಅಜ್ಜಿಯ ಜಾಗದಲ್ಲಿ ಕೂತು ಹಾಕಿದಾಗ ಕಂಡಿತು, ಅಜ್ಜಿಯ ಒಂಟೆ ಐದು ನಡೆಯಿಂದ ತನ್ನ ರಾಜನ ಕಡೆಯೇ ಮೂತಿ ಮಾಡಿ ಕೂತಿತ್ತು. "ನಿನ್ನ ಕನಸು ನೀನು ಕಂಡೆ, ಸರಿ" ಎಂದಳು ಸಾತಮ್ಮ. "ನನ್ನ ಕನಸು ಯಾರು ಕಾಣಬೇಕು?"

ಮೂರನೆಯ ಸೋಲು ಎಲ್ಲಕ್ಕಿಂತ ಕೆಟ್ಟದ್ದು. ಹೊನ್ನಾಜಿ ಗೆಲ್ಲುತ್ತಿದ್ದಳು. ಗೆದ್ದೇಬಿಟ್ಟೆ ಎಂದು ತಾತನಿಗೆ ಹೇಳಲು ಎದ್ದು ಕಿಟಕಿಯವರೆಗೆ ಓಡಿದಳು. ತಿರುಗಿ ಬಂದು ನಿಂತಲ್ಲಿಂದಲೇ ಒಂದು ಕಾಯಿ ತಳ್ಳಿದಳು. ನಾಲ್ಕು ನಡೆಗೆ ಆಟ ಕೈಬಿಟ್ಟಿತು. ಅವತ್ತು ಸಾತಮ್ಮ ಬೈಯಲಿಲ್ಲ. ಹಾಲು ಉಕ್ಕುವುದು ಕಾಯಿಸಿ ಮುಗಿಯುವ ಹೊತ್ತಿಗೆ, ಅದಕ್ಕೆ ಕೊನೆಗೇ ಹೆಚ್ಚು ಕಾವಲು ಬೇಕು ಎಂದಳು, ಅಷ್ಟೆ.

ಹೀಗೆ ಒಂದು ವರ್ಷ, ಎರಡು ವರ್ಷ, ಏಳು ವರ್ಷ. ಬೇರೆ ಹುಡುಗಿಯರು ಗೆದ್ದ ಆಟ ನೆನಪಿಟ್ಟುಕೊಂಡರು, ಹೊನ್ನಾಜಿ ಸೋತ ಆಟ ನೆನಪಿಟ್ಟುಕೊಂಡಳು. ಏಳನೆಯ ವರ್ಷ ಅಜ್ಜಿ ಮೊಮ್ಮಗಳಿಗೆ ಸೋತಳು. ಸೋತು, ಕುಂಕುಮದ ಭರಣಿ ತಂದು ಹುಡುಗಿಯ ಹಣೆಗೆ ಇಟ್ಟಳು. ಆಮೇಲೆ ತಾನೇ ಕೂತು ಆ ಆಟವನ್ನು ಮೂರು ಸಲ ಹಾಕಿದಳು. ಎಪ್ಪತ್ತು ವರ್ಷದ ಹೆಂಗಸು. ಕಟ್ಟಳೆ ಎಂದರೆ ಕಟ್ಟಳೆ.

ಈಗ ತಾತನ ಆಟ.

ಸಂಪಯ್ಯ ನೆಂಟರ ಮನೆಯ ತಿಥಿಗೆ ಹೋಗಿದ್ದ ದಿನ ನೋಡಿಕೊಂಡು ಹೊನ್ನಾಜಿ ನೆಲಕ್ಕೆ ಗೆರೆ ಎಳೆದಳು. ಸಾತಮ್ಮ ಬೀಸುವ ಕಲ್ಲಿನ ಮುಂದೆ ಕೂತು, ಮೂವತ್ತೇಳು ವರ್ಷದ ಹಳೆಯ ಪದ ಎತ್ತಿದಳು. ಒಂದು ಸಾಲು, ಒಂದು ನಡೆ. ಕೊನೆಯ ಸಾಲು ಹೀಗಿತ್ತು:

*ಸಂಪಯ್ಯನ ಮಂತ್ರಿ ಸರಿದಾನೊ ಎಡಗಡೆಗೆ*
*ಪಡುವಣದ ಆನೆ ನುಂಗಿತ್ತೊ*

ಅಲ್ಲಿಗೆ ಪದ ನಿಂತಿತು. ಕಲ್ಲೂ ನಿಂತಿತು.

ಹೊನ್ನಾಜಿ ಮೊದಲು ತಾತನ ಜಾಗದಲ್ಲಿ ಕೂತು ನೋಡಿದಳು. ಮಂತ್ರಿ ಹೋಗಿತ್ತು, ಬೇರೆ ಏನೂ ಕಾಣಲಿಲ್ಲ. ಕಣ್ಣಿನಲ್ಲಿ ನೀರು ಬಂತು. ಎರಡನೆಯ ಸಲ ಗುರಿಕಾರನ ಜಾಗದಲ್ಲಿ ಕೂತಳು. ಆನೆಯಿಂದ ಮಂತ್ರಿಯನ್ನು ತಿಂದಳು. ಒಂದು ಗಳಿಗೆ ಖುಷಿಯಾಯಿತು. ಮರುಗಳಿಗೆ ಖುಷಿ ಇಳಿಯಿತು. ಯಾಕೆ? ಮಂತ್ರಿಯನ್ನು ತಿನ್ನಲು ಹೋದ ಆನೆ ಒಂದು ಸಾಲನ್ನು ಕಾಯುತ್ತಿತ್ತು. ಈಗ ಆ ಸಾಲಿಗೆ ಕಾವಲಿಲ್ಲ. ಮೂರನೆಯ ಸಲ ಎದ್ದು ನಿಂತಳು, ಹಲ್ಲಿಯ ಹಾಗೆ. ಕೈ ಎರಡೂ ಕಂಕುಳಿಗೆ ಸಿಕ್ಕಿಸಿಕೊಂಡು ಎಣಿಸಿದಳು. ತಾತನ ಕುದುರೆ ಆ ಬರಿದಾದ ಸಾಲಿಗೆ ನೆಗೆದರೆ ರಾಜನಿಗೆ ಶಹ, ರಾಜ ಮೂಲೆಗೆ ಸರಿಯಲೇಬೇಕು. ತಾತನ ಆನೆ ಹೋಗಿ ಮೂಲೆಯ ಕಾಲಾಳನ್ನು ತಿಂದರೆ ಮತ್ತೆ ಶಹ, ರಾಜ ಆ ಆನೆಯನ್ನು ತಿನ್ನಲೇಬೇಕು. ತಾತನ ಎರಡನೆಯ ಆನೆ ಅಂಚಿಗೆ ಬಂದರೆ? ರಾಜನಿಗೆ ಹೋಗಲು ಜಾಗವಿಲ್ಲ.

ಮೂರೇ ನಡೆ. ಕುದುರೆ, ಆನೆ, ಆನೆ.

ಹೊನ್ನಾಜಿ ನಂಬಲಿಲ್ಲ. ಮತ್ತೆ ಹಾಕಿದಳು. ಮತ್ತೆ ಹಾಕಿದಳು. ಆಮೇಲೆ ಅಜ್ಜಿಯನ್ನು ಕೇಳಿದಳು, "ಅಜ್ಜಿ, ಪದ ಯಾಕೆ ಇಲ್ಲಿಗೆ ನಿಂತಿದೆ?"

"ಆಟ ಅಲ್ಲಿಗೆ ಮುಗಿಯಿತಲ್ಲ ಮಗಳೇ."

"ಮುಗಿಯಲಿಲ್ಲ ಅಜ್ಜಿ. ತಾತ ಅಲ್ಲಿಗೆ ನಿಲ್ಲಿಸಿದರು."

ಹೂಂ ಎಂದೆಯಾ ಸಿಂಚನಾ? ಇಲ್ಲವಾ? ಇರಲಿ. ಕೇಳಿಸಿದ ಹಾಗಾಯಿತು.

ಸಂಪಯ್ಯ ಊರಿನಿಂದ ಬಂದ. ಹೊನ್ನಾಜಿ ಅವನ ಕಾಲಿಗೆ ನೀರು ಕೊಟ್ಟು, ಅವನು ಬೇಡವೆಂದ ಆಟವನ್ನು ಅವನ ನೆಲದ ಮೇಲೆಯೇ ಹಾಕಿದೆ, ತಪ್ಪಿದ ಮನೆ ಸಿಕ್ಕಿತು, ಯುಗಾದಿಯ ಮಾರನೆಯ ದಿನ ಚಾವಡಿಗೆ ಬರಬೇಕು ಎಂದಳು. ಆ ಮನೆ ಯಾವುದೆಂದು ನನಗೆ ಗೊತ್ತಿಲ್ಲವೇ ಎಂದ ತಾತ. ಗೊತ್ತಿಲ್ಲ ಎಂದಳು ಮೊಮ್ಮಗಳು. ಇಲ್ಲಿ ಹೇಳುವುದಿಲ್ಲ, ಹೇಳಬೇಕಾದ ಜಾಗದಲ್ಲಿ ಹೇಳುತ್ತೇನೆ ಎಂದಳು. ಮುದುಕ ಕಿಟಕಿಯ ಕಡೆ ತಿರುಗಿ ಕೂತ.

ಯುಗಾದಿಯ ಮಾರನೆಯ ದಿನ ಬಂತು. ಚಾವಡಿ ತುಂಬಿತು. ಮೂಡಣದ ಚಾಪೆಯ ಮೇಲೆ ಗುರಿಕಾರ ಮಾದಪ್ಪ, ಈಗ ಹಣ್ಣು ಮುದುಕ. ಹೊನ್ನಾಜಿ ಜಾಲಂದ್ರದ ಹಿಂದಿನಿಂದ ಎದ್ದು ಮಣೆಯ ಹತ್ತಿರ ಬಂದಳು. ಸಂಪಯ್ಯನ ಮೊಮ್ಮಗಳು ನಾನು, ನಮ್ಮ ಮನೆಯ ಕೈ ತಪ್ಪಿದ ಮನೆ ತೋರಿಸಲು ಬಂದಿದ್ದೇನೆ ಎಂದಳು.

ಗುಂಪಿನಲ್ಲಿ ಪಿಸುಗುಟ್ಟುವುದು ಶುರುವಾಯಿತು. ಅದನ್ನು ತೋರಿಸಲು ಮೂವತ್ತೇಳು ವರ್ಷ ಬೇಕಾಯಿತೇ ಎಂದು ಒಬ್ಬ. ಮಂತ್ರಿ ಸತ್ತ ಮನೆ ನಮ್ಮ ಮನೆಯ ಬೆಕ್ಕಿಗೂ ಗೊತ್ತು ಎಂದು ಇನ್ನೊಬ್ಬ. ಬೇಗ ತೋರಿಸಿ ಹೋಗಮ್ಮ, ಆಟಕ್ಕೆ ಹೊತ್ತಾಗುತ್ತದೆ ಎಂದು ಮತ್ತೊಬ್ಬ.

ಹೊನ್ನಾಜಿ ಅಜ್ಜಿಯ ಕಡೆ ತಲೆಯಾಡಿಸಿದಳು. ಜಾಲಂದ್ರದ ಹಿಂದಿನಿಂದ ಸಾತಮ್ಮನ ದನಿ ಎದ್ದಿತು. ಒಂದು ಸಾಲು, ಒಂದು ನಡೆ. ಹುಡುಗಿ ಗೇಣುದ್ದದ ಕಾಯಿಗಳನ್ನು ಒಂದೊಂದಾಗಿ ನಡೆಸಿದಳು. ಮಂತ್ರಿ ಎಡಗಡೆಗೆ ಸರಿದ. ಆನೆ ನುಂಗಿತು. ತಾತ ಮಲಗಿಸಿದ ಹಾಗೆಯೇ ರಾಜನನ್ನು ಮಲಗಿಸಿದಳು. ಪದ ನಿಂತಿತು.

ಎಲ್ಲರೂ ಮಂತ್ರಿ ಸತ್ತ ಮನೆಯನ್ನೇ ನೋಡುತ್ತಿದ್ದರು. ಹೊನ್ನಾಜಿ ಆ ಕಡೆ ಹೋಗಲೇ ಇಲ್ಲ. ಮಲಗಿದ ರಾಜನ ಮನೆಯ ಮೇಲೆ ಬೆರಳಿಟ್ಟಳು.

"ಇಲ್ಲಿ" ಎಂದಳು.

ಪಿಸುಗುಟ್ಟುತ್ತಿದ್ದವರು ಕತ್ತು ಚಾಚಿದರು.

"ಮಂತ್ರಿ ಹೋದದ್ದು ತಪ್ಪೇ. ನೋಡದೆ ಕೈ ಹಾಕಿದ್ದು ನಮ್ಮ ತಾತನದೇ ತಪ್ಪು, ಅದನ್ನು ನಮ್ಮ ಮನೆ ಒಪ್ಪಿಕೊಳ್ಳುತ್ತದೆ. ಆದರೆ ಆಟ ಹೋದದ್ದು ಅಲ್ಲಿ ಅಲ್ಲ. ಇಲ್ಲಿ. ಮಣೆ ನೋಡದೆ, ನಿಮ್ಮ ನಗೆ ಕೇಳಿ, ಗೆಲ್ಲುವ ರಾಜನನ್ನು ಮಲಗಿಸಿದರು."

ಹೀಗೆ ಹೇಳಿ ರಾಜನನ್ನು ಎತ್ತಿ ನಿಲ್ಲಿಸಿದಳು. ಪಡುವಣದ ಕಾಯಿಗಳು ನಿಮ್ಮವು, ಬಂದು ಕೂರಬೇಕು ಗುರಿಕಾರರೇ, ಆಟ ಇನ್ನೂ ಬಾಕಿ ಇದೆ ಎಂದಳು.

ಗುರಿಕಾರ ಮಾದಪ್ಪ ಮೂಡಣದ ಚಾಪೆಯಿಂದ ಎದ್ದ. ನಿಧಾನವಾಗಿ ನಡೆದು ಬಂದು ಪಡುವಣದ ಕಡೆ ಕೂತ. ಹೊನ್ನಾಜಿ ಎರಡೂ ಕೈ ತೊಡೆಯ ಕೆಳಗಿಟ್ಟು ಕೂತಳು. ಕಣ್ಣು ಮಣೆಯನ್ನು ಮೂರು ಸುತ್ತು ಬಂತು. ಒಂದು ಸುತ್ತು. ಎರಡು ಸುತ್ತು. ಮೂರು ಸುತ್ತು. ಕೈ ಹೊರಗೆ ಬಂತು, ಕುದುರೆಯ ಕಡೆ ಹೋಯಿತು.

ಕುದುರೆ ಇನ್ನೂ ನೆಲ ಬಿಟ್ಟಿರಲಿಲ್ಲ. ಮಾದಪ್ಪ ಕೈ ಚಾಚಿ ತನ್ನ ರಾಜನನ್ನು ತಾನೇ ಮಲಗಿಸಿದ.

"ಅದು ನನಗೆ ಗೊತ್ತಮ್ಮ" ಎಂದ. "ಮಂತ್ರಿಯನ್ನು ತಿಂದು ಆನೆಯಿಂದ ಕೈ ತೆಗೆಯುತ್ತಿದ್ದ ಹಾಗೆಯೇ ಕಂಡಿತು. ಕುದುರೆ, ಆನೆ, ಆನೆ. ನನ್ನ ಬಾಯಿ ಒಣಗಿ ಹೋಯಿತು. ನಿನ್ನ ತಾತ ಮಣೆ ನೋಡಿದ್ದರೆ ಮುಗಿಯುತ್ತಿತ್ತು. ಅವರು ನೋಡಲಿಲ್ಲ. ನಾನು ಹೇಳಲಿಲ್ಲ. ಆ ರಾತ್ರಿ ಹೇಳೋಣ ಎಂದುಕೊಂಡೆ. ಮಾರನೆಯ ದಿನ ಹೇಳೋಣ ಎಂದುಕೊಂಡೆ. ಆಮೇಲೆ ಗಾದೆ ಹುಟ್ಟಿತು. ಗಾದೆ ಹುಟ್ಟಿದ ಮೇಲೆ ಬಾಯಿ ಬರಲಿಲ್ಲ."

ಊರಿಗೆ ಊರೇ ತಲೆ ತಗ್ಗಿಸಿತು. ಹೊನ್ನಾಜಿ ತಗ್ಗಿಸಲಿಲ್ಲ. ಎದ್ದು ನಿಂತಳು.

"ಆಟ ನಡೆಯುವಾಗ ನಗಬಾರದು ಎಂದು ನಿಮ್ಮದೇ ಕಟ್ಟಳೆ. ಮುರಿದವರು ನೀವು. ನಮ್ಮ ಮನೆಯ ತಪ್ಪನ್ನು ನಾನು ತೋರಿಸಿದ್ದಾಯಿತು. ಈಗ ನಿಮ್ಮ ಸರದಿ. ಕ್ಷಮೆ ಕೇಳಬೇಕು. ನನ್ನನ್ನಲ್ಲ, ಅವರನ್ನು."

ಎಲ್ಲರೂ ತಿರುಗಿ ನೋಡಿದರು. ಚಾವಡಿಯ ಹೊರಗೆ, ಕೊನೆಯ ಕಂಬ ಹಿಡಿದುಕೊಂಡು, ಕೋಲು ಊರಿ ನಿಂತಿದ್ದ ಸಂಪಯ್ಯ. ಮೊಮ್ಮಗಳು ಮನೆ ಬಿಟ್ಟ ಮೇಲೆ ಅವಳ ಹಿಂದೆಯೇ ಬಂದಿದ್ದ. ಚಾವಡಿಯ ಕಡೆಗೆ, ಮೂವತ್ತೇಳು ವರ್ಷದಲ್ಲಿ ಮೊದಲ ಸಲ.

ಗುರಿಕಾರ ಮಾದಪ್ಪ ಎದ್ದು ಹೋದ. ಗೆಳೆಯನ ಎರಡೂ ಕೈ ಹಿಡಿದುಕೊಂಡ. ತಪ್ಪಾಯಿತು ಎಂದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು, ತಪ್ಪಾಯಿತು ಎಂದರು. ಬಾವಿಕಟ್ಟೆಯ ಹೆಂಗಸೂ ಬಂದಳು.

ಸಂಪಯ್ಯ ಯಾರನ್ನೂ ನೋಡುತ್ತಿರಲಿಲ್ಲ. ಮಣೆಯನ್ನು ನೋಡುತ್ತಿದ್ದ. ಅವನ ಕಣ್ಣು ಕುದುರೆಯಿಂದ ಆನೆಗೆ, ಆನೆಯಿಂದ ಇನ್ನೊಂದು ಆನೆಗೆ ಹೋಗಿ ಬಂತು.

"ನಾನು ನೋಡಲೇ ಇಲ್ಲವಲ್ಲೋ, ಮಾದ."

ಅಷ್ಟೇ ಹೇಳಿದ. ಗೋಲಿ ಆಡುತ್ತಿದ್ದಾಗ ಕರೆಯುತ್ತಿದ್ದ ಹಾಗೆ ಮಾದ ಎಂದ.

ಅವತ್ತು ದೊಡ್ಡ ಆಟ ಆಡಿದವರು ಯಾರು? ಅವರಿಬ್ಬರು ಮುದುಕರೇ. ಗೆದ್ದವರು ಯಾರು? ಮಾದಪ್ಪನೇ. ಸಂಪಯ್ಯ ಸೋತ, ರಾಜನನ್ನು ಮಲಗಿಸುವ ಮುಂಚೆ ಮಣೆಯನ್ನು ಮೂರು ಸುತ್ತು ನೋಡಿ, ದಾರಿಯಿಲ್ಲ ಎಂದು ಖಚಿತ ಮಾಡಿಕೊಂಡು ಮಲಗಿಸಿದ. ಮಾರನೆಯ ಬೆಳಗ್ಗೆ ಮಾದಪ್ಪನೇ ಅವನ ಮನೆಗೆ ಬಂದ. ಸಾತಮ್ಮ ಹೊಸ ಪದ ಹಾಡಿದಳು, ಇಬ್ಬರೂ ನೆಲದ ಮೇಲೆ ಹುಣಿಸೆ ಬೀಜ ಇಟ್ಟು ತಪ್ಪಿದ ಮನೆ ಹುಡುಕಿದರು. ಮಧ್ಯಾಹ್ನವಾದರೂ ಏಳಲಿಲ್ಲ. ಬಿಸಿ ಮುದ್ದೆ ಆರಿ ಕಲ್ಲಾಯಿತು ಎಂದು ಸಾತಮ್ಮ ಇಬ್ಬರಿಗೂ ಬೈದಳು.

ಆದರೆ ಮಾದಪ್ಪ ಮೊದಲು ರಾಜನನ್ನು ಮಲಗಿಸಿದ್ದು ಹೊನ್ನಾಜಿಯ ಎದುರಿಗೆ, ಆದ್ದರಿಂದ ಮೂಡಣದ ಚಾಪೆಯ ಮೇಲೆ ಕೂತವಳು ಅವಳು. ಹಳೆಯ ಪದಕ್ಕೆ ಇಲ್ಲದ ಕೊನೆಯನ್ನು ಅವಳೇ ಕಟ್ಟಿದಳು:

*ಕುದುರೆ ನೆಗೆದಾವೊ, ಅರಸ ಮೂಲೆಗೆ ಸರಿದ*
*ಆನೆಯ ಕೊಟ್ಟು ಆನೆಯ ತಂದಾರೊ*
*ಮುಗಿಯದ ಆಟ ಮುಗಿದಾವೊ*

ಈ ಪದ ನನಗೆ ಹೇಗೆ ಗೊತ್ತು? ಹೊನ್ನಾಜಿ ಮದುವೆಯಾಗಿ ಬಂದದ್ದು ಈ ಬೀದಿಗೆ, ಈ ಮನೆಗೆ. ನನ್ನ ಅಜ್ಜಿಯ ಅಜ್ಜಿ ಅವಳು. ಕಾನ್ವೆಂಟಿನ ರಜಕ್ಕೆ ನಾನು ಟ್ರಂಕು ಹೊತ್ತು ಬಂದರೆ ನನ್ನ ಅಜ್ಜಿ ಮೊದಲು ಕೈಕಾಲು ತೊಳೆಸುತ್ತಿದ್ದಳು, ಆಮೇಲೆ ಚದುರಂಗದ ಮಣೆ ಹಾಕುತ್ತಿದ್ದಳು. ಸೋತ ಆಟವನ್ನು ಮೂರು ಸಲ ಹಾಕದೆ ಸಂಜೆಯ ತಿಂಡಿ ಕೊಡುತ್ತಿರಲಿಲ್ಲ. ತೊಡೆಯ ಕೆಳಗೆ ಕೈ ಇಟ್ಟು ಕೂತು ಬೆರಳಿಗೆ ಜೋಮು ಹಿಡಿಯುತ್ತಿತ್ತು. ಹಿಂದೆ ಬೀಸುವ ಕಲ್ಲಿನ ಸದ್ದು, ಹುರಿದ ಕಡಲೆಯ ವಾಸನೆ. ಆ ಕಲ್ಲು ಈಗ ತುಳಸಿ ಕಟ್ಟೆಯ ಬುಡದಲ್ಲಿದೆ. ಆ ದನಿ ಎಲ್ಲಿಯೂ ಇಲ್ಲ. ಕಾಯಿಗಳು ಮಾತ್ರ ಉಳಿದಿವೆ. ಸಿಂಚನಾ, ನಿನ್ನ ಮಡಿಲಿನಲ್ಲಿರುವ ಡಬ್ಬಿ ಅದೇ. ಒಂದು ಕುದುರೆಗೆ ಕಿವಿ ಮುರಿದಿದೆ, ನೋಡು. ಮುರಿದದ್ದು ನಾನು, ಒಂಬತ್ತನೆಯ ವಯಸ್ಸಿನಲ್ಲಿ, ಸೋತ ಸಿಟ್ಟಿಗೆ ಎಸೆದು. ಅದಕ್ಕೂ ಅಜ್ಜಿಯ ಮುಂದೆ ಎದ್ದು ನಿಂತು ತಪ್ಪು ಒಪ್ಪಿಕೊಂಡಿದ್ದೇನೆ.

ಹಾಗಾದರೆ ಆ ಗಾದೆ ಇನ್ನೂ ಯಾಕೆ ಉಳಿಯಿತು ಎಂದು ಕೇಳುತ್ತೀರಿ. ಆ ಊರಿನವರು ಅವತ್ತೇ ಬಿಟ್ಟರು, ಮತ್ತೆ ಆಡಲಿಲ್ಲ. ಆದರೆ ಅಷ್ಟರಲ್ಲಿ ಅದು ಹೊಳೆ ದಾಟಿತ್ತು, ಬೆಟ್ಟ ದಾಟಿತ್ತು, ಊರಿಂದ ಊರಿಗೆ ಹೋಗಿತ್ತು. ನಗೆ ಕುದುರೆ ಏರಿ ಹೋಗುತ್ತದೆ, ಕ್ಷಮೆ ಕಾಲ್ನಡಿಗೆಯಲ್ಲಿ ಹೋಗುತ್ತದೆ. ಹಿಂದೆ ಬಿದ್ದ ಕ್ಷಮೆ ಇನ್ನೂ ಕೆಲವು ಮನೆ ತಲುಪಿಲ್ಲ.

ಸಿಂಚನಾ, ಬೆಳಗಿನ ಆಟ ಹಾಕು. ಒಂದು ಸಲ ನಿನ್ನ ಜಾಗದಿಂದ, ಒಂದು ಸಲ ಅಣ್ಣನ ಜಾಗದಿಂದ, ಒಂದು ಸಲ ನಿಂತುಕೊಂಡು. ಮಂತ್ರಿ ಹೋದದ್ದು ಎಲ್ಲಿ ಎಂದು ನನಗೆ ಬೇಡ. ಆಟ ಹೋದದ್ದು ಎಲ್ಲಿ ಎಂದು ತೋರಿಸು. ಆಮೇಲೆ ಪಾಯಸ.

ಹೂಂ ಅಂದೆ. ಈ ಸಲ ಚೆನ್ನಾಗಿಯೇ ಕೇಳಿಸಿತು.

ಅವರ ಆಟ ಅಲ್ಲಿಗೆ, ನಮ್ಮ ಮಾತು ಇಲ್ಲಿಗೆ. ಕಾಯಿ ಮಣೆಗೆ, ಕಥೆ ಕಿವಿಗೆ.

ಬೀಗರೇ, ಏಳಬೇಡಿ. ವೀಳ್ಯದ ತಟ್ಟೆ ಕೆಳಗಿಡಿ. ನೀವು ದೊಡ್ಡವರು, ನಮ್ಮ ಮನೆಗೆ ಮಗಳನ್ನು ಕೊಟ್ಟವರು, ನಿಮ್ಮ ಮೇಲೆ ನನಗೆ ಗೌರವವಿದೆ. ಆದರೆ ಆಟದ ಮಣೆಯ ಮುಂದೆ ನೀವು ನಕ್ಕಿದ್ದೀರಿ, ನಮ್ಮ ಮನೆಯ ಹಿರಿಯರ ಹೆಸರು ಹಿಡಿದು ನಮ್ಮ ಹುಡುಗಿಯನ್ನು ಆಡಿಕೊಂಡಿದ್ದೀರಿ. ಸಿಂಚನಾಳ ಹತ್ತಿರ ಕ್ಷಮೆ ಕೇಳಿ.